ಕುರ್ಚಿ ಬಿಟ್ಟು ಎದ್ದಾಗಲೇ ಹೊಳೆಯುವುದೇಕೆ?

ಹಳ್ಳಿಯ ಹಾಲಿನ ಡೇರಿಗಳ ಲೆಕ್ಕ ಇಡುವ ಒಂದು ಆ್ಯಪ್‌ನ ಕೆಲಸ ನಮ್ಮ ತಂಡದ ಕೈಯಲ್ಲಿತ್ತು. ರೈತರು ಹಾಲು ತಂದು ಹಾಕುತ್ತಾರೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು ಅಂತ ಡೇರಿಯವರು ನಮೂದಿಸುತ್ತಾರೆ. ದಿನದ ಕೊನೆಗೆ ಒಬ್ಬೊಬ್ಬರ ಲೆಕ್ಕ ಬರಬೇಕು, ಅಷ್ಟೇ. ಆದರೆ ಒಂದು ತಪ್ಪು ಮೂರು ದಿನ ನಮ್ಮ ನಿದ್ದೆ ಕೆಡಿಸಿತು. ಬೆಳಗ್ಗೆ ಹಾಲು ಹಾಕಿದವರಲ್ಲಿ ಕೆಲವರ ಲೆಕ್ಕ ಮಾತ್ರ ಹಿಂದಿನ ದಿನಕ್ಕೆ ಹೋಗಿ ಸೇರುತ್ತಿತ್ತು. ಎಲ್ಲರದ್ದೂ ಅಲ್ಲ. ಸಂಜೆ ಹಾಲಿಗೆ ಈ ತೊಂದರೆಯೇ ಇಲ್ಲ. ಕೋಡನ್ನು ಸಾಲು ಸಾಲಾಗಿ ಓದಿದೆವು. ಮೂವರು ಒಟ್ಟಿಗೆ ಕೂತು ಮತ್ತೆ ಓದಿದೆವು. ಎಲ್ಲಿಯೂ ತಪ್ಪು ಕಾಣಲಿಲ್ಲ.

ಮೂರನೇ ರಾತ್ರಿ ಒಂದೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ಬೆಳಗ್ಗೆ ಎದ್ದವನು ಆರೂವರೆಗೆಲ್ಲ ಮನೆ ಹತ್ತಿರದ ಪಾರ್ಕಿನಲ್ಲಿದ್ದೆ. ಎರಡನೇ ಸುತ್ತು ನಡೆಯುತ್ತಿತ್ತು. ಕಲ್ಲು ಬೆಂಚಿನ ಮೇಲೆ ಒಬ್ಬರು ಅಜ್ಜಿ ಕೂತು ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದರು. ಮಗಳೋ ಮೊಮ್ಮಗಳೋ ಅಮೆರಿಕದಲ್ಲಿ ಇರಬೇಕು. “ಅಯ್ಯೋ, ನಿಮಗಿನ್ನೂ ನಿನ್ನೇನೇ ಅಲ್ವೇನೇ! ರಾತ್ರಿ ಊಟ ಆಯ್ತಾ?” ಅಂದರು.

ನಾಲ್ಕು ಹೆಜ್ಜೆ ಮುಂದೆ ಹೋದವನು ನಿಂತುಬಿಟ್ಟೆ. ನಮ್ಮ ಸರ್ವರ್‌ಗೂ ಇನ್ನೂ ನಿನ್ನೆಯೇ! ಅದರ ಗಡಿಯಾರ ಗ್ರೀನಿಚ್ ಸಮಯದಲ್ಲಿ ಓಡುತ್ತಿತ್ತು. ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಗ್ಗೆ 5.15ಕ್ಕೆ ಹಾಕಿದ ಹಾಲು ಅದರ ಪಾಲಿಗೆ ಹಿಂದಿನ ರಾತ್ರಿ 11.45ರ ಹಾಲು. 5.30 ದಾಟಿ ಬಂದವರ ಲೆಕ್ಕ ಸರಿ. ಕತ್ತಲಲ್ಲೇ ಎದ್ದು ಹಾಲು ಕರೆದು ತಂದವರ ಲೆಕ್ಕ ತಪ್ಪು. ಮನೆಗೆ ಬಂದು ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು.

ಇಂಥದ್ದು ಎಲ್ಲರಿಗೂ ಒಮ್ಮೆಯಾದರೂ ಆಗಿರುತ್ತದೆ. ನಾಲಿಗೆ ತುದಿಯಲ್ಲೇ ಇದ್ದ ಹೆಸರು, ಅದನ್ನು ಬಿಟ್ಟು ಸೊಪ್ಪು ಬಿಡಿಸಲು ಕೂತಾಗ ತಟ್ಟನೆ ಬರುತ್ತದೆ. ಪರೀಕ್ಷೆಯಲ್ಲಿ ಬಾರದ ಲೆಕ್ಕ ಬಸ್ ಸ್ಟಾಪಿನಲ್ಲಿ ಬಿಡಿಸಿಕೊಳ್ಳುತ್ತದೆ. ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತಿದೆ: ಹೊಳೆಯಿತು. ಗಮನಿಸಿ, ‘ನಾನು ಯೋಚಿಸಿದೆ’ ಅನ್ನುತ್ತೇವೆ, ಆದರೆ ‘ನನಗೆ ಹೊಳೆಯಿತು’ ಅನ್ನುತ್ತೇವೆ. ಯೋಚಿಸಿದ್ದು ನಾನು. ಹೊಳೆದದ್ದು ತಾನಾಗಿ ನನ್ನ ಹತ್ತಿರ ಬಂದದ್ದು. ಹಸಿವಾಯಿತು, ನೆನಪಾಯಿತು ಅನ್ನುವ ಹಾಗೆ.

ಈ ವ್ಯತ್ಯಾಸ ನಿಜವೇ. ಆದರೆ ಇದರಿಂದ ಒಂದು ತಪ್ಪು ತಿಳಿವಳಿಕೆಯೂ ಬೆಳೆದಿದೆ. ಯೋಚಿಸುವುದು ಕೆಲಸ, ಹೊಳೆಯುವುದು ಅದೃಷ್ಟ ಅಂತ ಬೇರೆ ಬೇರೆ ಮಾಡಿಬಿಟ್ಟಿದ್ದೇವೆ. ಹಾಗಾಗಿ ಕುರ್ಚಿಯಲ್ಲಿ ಕೂತಿದ್ದಕ್ಕೆ ಮಾತ್ರ ಲೆಕ್ಕ ಇಡುತ್ತೇವೆ. ಎದ್ದು ಹೋದ ಹೊತ್ತು ಲೆಕ್ಕಕ್ಕೇ ಇಲ್ಲ. ನನ್ನ ಪ್ರಕಾರ ಎದ್ದು ಹೋದ ಹೊತ್ತೂ ಕೆಲಸದ ಒಂದು ಭಾಗ. ಆದರೆ ಅದಕ್ಕೆ ಕೆಲವು ಷರತ್ತುಗಳಿವೆ. ಆ ಷರತ್ತುಗಳ ಬಗ್ಗೆಯೇ ಈ ಬರಹ.

ಇದನ್ನು ಈಗ ಯಾಕೆ ಹೇಳಬೇಕು ಅಂದರೆ, ಕೆಲಸದ ಗಂಟೆಗಳ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ. 2023ರ ಅಕ್ಟೋಬರಿನಲ್ಲಿ ಎನ್. ಆರ್. ನಾರಾಯಣಮೂರ್ತಿ ಅವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಂತು. ಇವೆರಡರ ನಡುವೆ, 2024ರ ಜುಲೈನಲ್ಲಿ, ಕರ್ನಾಟಕದ ಐಟಿ ನೌಕರರಿಗೆ ದಿನಕ್ಕೆ 14 ಗಂಟೆವರೆಗೆ ಕೆಲಸ ಮಾಡಿಸಲು ಅವಕಾಶ ಕೊಡುವ ಪ್ರಸ್ತಾಪ ಸುದ್ದಿಯಾಯಿತು. ನೌಕರರ ಸಂಘ ಬೀದಿಗಿಳಿಯಿತು. 2025ರಲ್ಲಿ ದಿನದ ಕೆಲಸವನ್ನು 9ರಿಂದ 10 ಗಂಟೆಗೆ, ಓವರ್‌ಟೈಮ್ ಸೇರಿ 12 ಗಂಟೆಗೆ ಏರಿಸುವ ಇನ್ನೊಂದು ಪ್ರಸ್ತಾಪ ಬಂತು. ಚರ್ಚೆಯಲ್ಲಿ ಆರೋಗ್ಯದ ಮಾತು ಬಂತು, ಮನೆಯವರ ಮಾತು ಬಂತು, ಸಂಬಳದ ಮಾತು ಬಂತು. ಎಲ್ಲವೂ ನ್ಯಾಯವಾದ ಮಾತೇ. ಒಂದು ಪ್ರಶ್ನೆ ಮಾತ್ರ ಹೆಚ್ಚಾಗಿ ಯಾರೂ ಕೇಳಲಿಲ್ಲ. ಹೊಸ ಯೋಚನೆಯೇ ಬಂಡವಾಳವಾಗಿರುವ ಕೆಲಸದಲ್ಲಿ, ಜಾಸ್ತಿ ಹೊತ್ತು ಕೂತರೆ ಜಾಸ್ತಿ ಹೊಳೆಯುತ್ತದಾ?

ಹಳೆಯ ಒಂದು ಪ್ರಸಂಗದಿಂದ ಶುರು ಮಾಡೋಣ. 1843ರ ಅಕ್ಟೋಬರ್ 16, ಸೋಮವಾರ. ಐರ್ಲೆಂಡಿನ ಗಣಿತಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್ ಡಬ್ಲಿನ್‌ನಲ್ಲಿ ಒಂದು ಸಭೆಗೆ ಹೊರಟಿದ್ದರು. ರಾಯಲ್ ಕಾಲುವೆಯ ದಂಡೆಯ ಮೇಲೆ ನಡಿಗೆ. ಪಕ್ಕದಲ್ಲಿ ಹೆಂಡತಿ. ಅವರು ಏನೋ ಮಾತಾಡುತ್ತಿದ್ದರು, ಇವರು ಹೂಂ ಅನ್ನುತ್ತಿದ್ದರು. ವರ್ಷಗಳಿಂದ ಒಂದು ಪ್ರಶ್ನೆ ಅವರ ಬೆನ್ನು ಹತ್ತಿತ್ತು. ಎರಡೆರಡು ಸಂಖ್ಯೆಗಳ ಜೋಡಿಯನ್ನು ಗುಣಿಸುವ ದಾರಿ ಗೊತ್ತಿತ್ತು. ಮೂರು ಮೂರರ ಗುಂಪನ್ನು ಗುಣಿಸುವುದು ಹೇಗೆ? ಆ ತಿಂಗಳು ಪ್ರತಿದಿನ ಬೆಳಗ್ಗೆ ತಿಂಡಿಗೆ ಬಂದಾಗ ಮಕ್ಕಳು ಕೇಳುತ್ತಿದ್ದರಂತೆ, ಅಪ್ಪಾ, ಗುಣಿಸೋಕೆ ಬಂತಾ ಅಂತ. ಇಲ್ಲ, ಕೂಡಿಸೋಕೆ ಕಳೆಯೋಕೆ ಮಾತ್ರ ಬರುತ್ತೆ ಅಂತ ಅವರು ಬೇಜಾರಿನಿಂದ ತಲೆಯಾಡಿಸುತ್ತಿದ್ದರು. ಕೊನೆಗಾಲದಲ್ಲಿ ಮಗನಿಗೆ ಬರೆದ ಕಾಗದದಲ್ಲಿ ಇದನ್ನು ಅವರೇ ನೆನೆದಿದ್ದಾರೆ.

ಬ್ರೂಮ್ ಸೇತುವೆ ಹತ್ತಿರ ಬಂದಾಗ ಹೊಳೆಯಿತು. ಮೂರಲ್ಲ, ನಾಲ್ಕು ಬೇಕು. ಜೇಬಿನಿಂದ ಚಾಕು ತೆಗೆದು ಸೇತುವೆಯ ಕಲ್ಲಿನ ಮೇಲೆ ಆ ಸೂತ್ರವನ್ನು ಗೀಚಿಬಿಟ್ಟರು. ಆ ಗೀಚು ಈಗ ಅಳಿಸಿ ಹೋಗಿದೆ, ಅದರ ಜಾಗದಲ್ಲಿ ಒಂದು ಫಲಕವಿದೆ. ಅವರು ಕಂಡುಕೊಂಡ ನಾಲ್ಕರ ಗಣಿತ ಇವತ್ತು ಉಪಗ್ರಹಗಳ ದಿಕ್ಕು ತಿರುಗಿಸುವಲ್ಲಿ, ಕಂಪ್ಯೂಟರ್ ಆಟಗಳ ಚಿತ್ರ ಹೊರಳಿಸುವಲ್ಲಿ ಬಳಕೆಯಾಗುತ್ತಿದೆ. ಪ್ರತಿ ವರ್ಷ ಅಕ್ಟೋಬರ್ 16ಕ್ಕೆ ಗಣಿತದವರು ಡನ್ಸಿಂಕ್ ವೀಕ್ಷಣಾಲಯದಿಂದ ಆ ಸೇತುವೆವರೆಗೆ ನಡೆದು ಹೋಗುತ್ತಾರೆ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಸೇತುವೆಗೆ ಬಂದು ನಿಲ್ಲಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಆ ತಿಂಡಿ ಹೊತ್ತಿನ ಪ್ರಶ್ನೆ. ಮನೆಯ ಮಕ್ಕಳಿಗೂ ಗೊತ್ತಾಗುವಷ್ಟು ಆ ಮನುಷ್ಯ ಆ ಲೆಕ್ಕದಲ್ಲಿ ಮುಳುಗಿದ್ದರು. ಆ ಕಾಲುವೆ ದಂಡೆಯ ಮೇಲೆ ಅವತ್ತು ಬೇರೆಯವರೂ ಓಡಾಡಿರುತ್ತಾರೆ. ಹೊಳೆದದ್ದು ಇವರೊಬ್ಬರಿಗೆ.

ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕರೆ ಇದನ್ನೇ ಇನ್ನೂ ಬಿಚ್ಚಿ ಹೇಳಿದರು. 1908ರಲ್ಲಿ ಪ್ಯಾರಿಸ್‌ನ ಮನೋವಿಜ್ಞಾನಿಗಳ ಮುಂದೆ ತಮ್ಮ ತಲೆ ಹೇಗೆ ಕೆಲಸ ಮಾಡುತ್ತದೆ ಅಂತ ವಿವರಿಸಿದರು. ಯೌವನದಲ್ಲಿ ಒಂದು ಕಷ್ಟದ ಲೆಕ್ಕದ ನಡುವೆ ಪ್ರವಾಸ ಹೊರಟಿದ್ದರು. ಕೂತಾನ್ಸ್ ಅನ್ನುವ ಊರಿನಲ್ಲಿ ಕುದುರೆ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣಕ್ಕೆ ಉತ್ತರ ಬಂತು. ಪಕ್ಕದವರೊಡನೆ ಮಾತು ಮುಂದುವರಿಸಿದರು. ಊರಿಗೆ ವಾಪಸು ಬಂದ ಮೇಲೆ ಕೂತು ಸರಿ ನೋಡಿದರು. ಇನ್ನೊಂದು ಉತ್ತರ ಸಮುದ್ರದ ಬಳಿ ನಡೆಯುವಾಗ ಸಿಕ್ಕಿತು. ಆದರೆ ಅವರು ಒತ್ತಿ ಹೇಳಿದ ಮಾತು ಬೇರೆ. ತಲೆಯೊಳಗೆ ನಮಗೆ ಗೊತ್ತಾಗದೆ ನಡೆಯುವ ಕೆಲಸ ಫಲ ಕೊಡಬೇಕಾದರೆ, ಅದರ ಮೊದಲೂ ಗೊತ್ತಿದ್ದು ಮಾಡುವ ಕೆಲಸ ಇರಬೇಕು, ಆಮೇಲೂ ಇರಬೇಕು. ಮೊದಲು ಒದ್ದಾಟ, ಆಮೇಲೆ ಪರಿಶೀಲನೆ. ನಡುವೆ ಬಿಡುವು. ಇನ್ನೂ ಒಂದು ಸಂಗತಿ ಉಂಟು. ಗಣಿತದ ಕೆಲಸಕ್ಕೆ ಪ್ವಾಂಕರೆ ಇಟ್ಟಿದ್ದ ಸಮಯ ಬೆಳಗ್ಗೆ 10ರಿಂದ 12, ಸಂಜೆ 5ರಿಂದ 7. ದಿನಕ್ಕೆ ನಾಲ್ಕೇ ಗಂಟೆ.

1926ರಲ್ಲಿ ಇಂಗ್ಲೆಂಡಿನ ಗ್ರಹಾಂ ವಾಲಸ್ ಇದಕ್ಕೆ ನಾಲ್ಕು ಹಂತಗಳ ಹೆಸರು ಕೊಟ್ಟರು: ತಯಾರಿ, ಕಾವು, ಹೊಳಹು, ಪರಿಶೀಲನೆ. ಎರಡನೆಯದಕ್ಕೆ ಅವರು ಇಟ್ಟ ಹೆಸರು ಕೋಳಿ ಮೊಟ್ಟೆಗೆ ಕಾವು ಕೊಡುವ ಮಾತೇ. ಮೊಟ್ಟೆಯೇ ಇಲ್ಲದೆ ಕಾವು ಕೊಟ್ಟರೆ ಏನೂ ಹುಟ್ಟುವುದಿಲ್ಲ ಅಲ್ವಾ?

ಹಾಗಾದರೆ ಬಿಟ್ಟು ಎದ್ದಾಗ ತಲೆಯೊಳಗೆ ಆಗುವುದೇನು? ಒಂದು ವಿವರಣೆ ನನಗೆ ತುಂಬ ಸರಿ ಅನ್ನಿಸುತ್ತದೆ. ಕಷ್ಟದ ಸಮಸ್ಯೆಯಲ್ಲಿ ನಾವು ಸಿಕ್ಕಿಹಾಕಿಕೊಳ್ಳುವುದು ಗೊತ್ತಿಲ್ಲದ ಕಾರಣಕ್ಕಿಂತ ಜಾಸ್ತಿ, ತಪ್ಪು ದಾರಿಯನ್ನು ಗಟ್ಟಿಯಾಗಿ ಹಿಡಿದ ಕಾರಣಕ್ಕೆ. ಗಾಣದೆತ್ತಿನ ಹಾಗೆ ಸುತ್ತಿದಲ್ಲೇ ಸುತ್ತುತ್ತೇವೆ. ಸುತ್ತಿದಷ್ಟೂ ಆ ದಾರಿ ಇನ್ನಷ್ಟು ಆಳವಾಗುತ್ತದೆ. ನಮ್ಮ ಹಾಲಿನ ಲೆಕ್ಕದಲ್ಲಿ ಆದದ್ದೂ ಅದೇ. ತಪ್ಪು ಕೋಡ್‌ನಲ್ಲೇ ಇದೆ ಅಂತ ಮೊದಲ ಗಂಟೆಯಲ್ಲೇ ತೀರ್ಮಾನ ಮಾಡಿದ್ದೆವು. ಗಡಿಯಾರದ ಕಡೆ ಯಾರೂ ನೋಡಲಿಲ್ಲ. ಹೆಚ್ಚು ಹೊತ್ತು ಕೂತಷ್ಟೂ ಆ ತೀರ್ಮಾನ ಗಟ್ಟಿಯಾಯಿತು. ಬಿಟ್ಟು ಎದ್ದಾಗ ಹಿಡಿತ ಸಡಿಲವಾಗುತ್ತದೆ. ತಪ್ಪು ದಾರಿ ಸ್ವಲ್ಪ ಮಸುಕಾಗುತ್ತದೆ. ಆದರೆ ಪ್ರಶ್ನೆ ಮಾತ್ರ ಒಳಗೆ ತೆರೆದೇ ಇರುತ್ತದೆ. ಆಗ ಹೊರಗಿನಿಂದ ಒಂದು ಸಣ್ಣ ಸುಳಿವು ಬಂದರೂ ಸಾಕು, ಅಜ್ಜಿಯ ಆ ‘ನಿನ್ನೆ’ಯ ಹಾಗೆ, ಅದು ಹೋಗಿ ಸರಿಯಾದ ಜಾಗದಲ್ಲಿ ಕೂರುತ್ತದೆ. ನೋಡುವ ವಿಷಯದಲ್ಲಿ ಅದೃಷ್ಟ ಒಲಿಯುವುದು ತಯಾರಾದ ಮನಸ್ಸಿಗೆ ಮಾತ್ರ ಅಂತ 1854ರಲ್ಲಿ ಲೂಯಿ ಪಾಶ್ಚರ್ ಹೇಳಿದ್ದು ಇದನ್ನೇ.

ಮಿದುಳಿನೊಳಗೂ ಇಣುಕಿ ನೋಡಿದವರಿದ್ದಾರೆ. 2004ರಲ್ಲಿ ಅಮೆರಿಕದ ಮಾರ್ಕ್ ಬೀಮನ್, ಜಾನ್ ಕೂನಿಯಸ್ ಮತ್ತು ಜೊತೆಗಾರರು ಪದಗಳ ಒಗಟು ಬಿಡಿಸುವವರ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದರು. ಉತ್ತರ ತಟ್ಟನೆ ಹೊಳೆದಾಗ, ಅದಕ್ಕೆ ಸುಮಾರು 0.3 ಸೆಕೆಂಡ್ ಮೊದಲು, ಬಲಗಿವಿಯ ಮೇಲಿನ ಭಾಗದಲ್ಲಿ ಅಲೆಗಳು ಒಮ್ಮೆಲೇ ಚುರುಕಾದವು. ಅದಕ್ಕೂ ಸ್ವಲ್ಪ ಮೊದಲು ನೋಟಕ್ಕೆ ಸಂಬಂಧಿಸಿದ ಹಿಂಭಾಗ ತುಸು ತಣ್ಣಗಾಯಿತು. ಒಳಗೆ ಏನೋ ಬರುತ್ತಿದೆ, ಹೊರಗಿನ ನೋಟ ಸ್ವಲ್ಪ ಕಡಿಮೆ ಇರಲಿ ಅನ್ನುವ ಹಾಗೆ. ಯೋಚಿಸುವಾಗ ನಾವು ಸೂರು ನೋಡುತ್ತೇವೆ, ಕಣ್ಣು ಮುಚ್ಚುತ್ತೇವೆ. ಮಿದುಳು ಅದನ್ನೇ ತನ್ನೊಳಗೆ ಮಾಡಿಕೊಳ್ಳುತ್ತದೆ. ಜೊತೆಗೆ, ನಾವು ಹೊರಗಿನ ಕೆಲಸ ಬಿಟ್ಟು ಸುಮ್ನೆ ಇದ್ದಾಗಲೂ ಮಿದುಳಿನ ಕೆಲವು ಭಾಗಗಳು ಒಟ್ಟಾಗಿ ಓಡುತ್ತಲೇ ಇರುತ್ತವೆ ಅನ್ನುವುದನ್ನು ಮಾರ್ಕಸ್ ರೇಕ್ಲ್ ತಂಡ 2001ರಲ್ಲಿ ತೋರಿಸಿತು. ಸುಮ್ನೆ ಇರುವ ತಲೆ ಸುಮ್ನೆ ಇರುವುದಿಲ್ಲ.

ಇನ್ನು ನಡಿಗೆ. ನಡೆದರೆ ಯೋಚನೆ ಬರುತ್ತದೆ ಅಂತ ಹಿಂದಿನವರಿಗೂ ಗೊತ್ತಿತ್ತು. ಕುವೆಂಪು ಅವರು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದುದನ್ನು ಮೈಸೂರಿನವರು ಇಂದಿಗೂ ಹೇಳುತ್ತಾರೆ. ಆದರೆ ಇದನ್ನು ಚೊಕ್ಕವಾಗಿ ಅಳೆದದ್ದು ಇತ್ತೀಚೆಗೆ. 2014ರಲ್ಲಿ ಸ್ಟಾನ್‌ಫರ್ಡ್‌ನ ಮೆರಿಲಿ ಒಪೆಜೊ ಮತ್ತು ಡೇನಿಯಲ್ ಶ್ವಾರ್ಟ್ಜ್ ನಾಲ್ಕು ಪ್ರಯೋಗಗಳನ್ನು ಪ್ರಕಟಿಸಿದರು. ಒಟ್ಟು 176 ಮಂದಿ ಭಾಗವಹಿಸಿದ್ದರು. ಕೆಲಸ ಸಣ್ಣದು. ಒಂದು ಗುಂಡಿ ಇದೆ, ಅಂಗಿಗೆ ಹಾಕುವುದು. ಅದನ್ನು ಬೇರೆ ಏನೇನಕ್ಕೆ ಬಳಸಬಹುದು, ನಾಲ್ಕು ನಿಮಿಷದಲ್ಲಿ ಹೇಳಿ. ಬೇರೆ ಯಾರಿಗೂ ಹೊಳೆಯದ, ಆದರೆ ಉಪಯೋಗಕ್ಕೆ ಬರುವ ಉತ್ತರಕ್ಕೆ ಅಂಕ. ಕೂತು ಹೇಳುವುದಕ್ಕಿಂತ ನಡೆಯುತ್ತಾ ಹೇಳಿದಾಗ ಇಂಥ ಉತ್ತರಗಳು ಸರಾಸರಿ 60 ಪ್ರತಿಶತ ಹೆಚ್ಚಾದವು. ಮೊದಲ ಪ್ರಯೋಗದಲ್ಲಿ ನೂರಕ್ಕೆ 81 ಮಂದಿಗೆ ಲಾಭವಾಯಿತು.

ಈ ಪ್ರಯೋಗದಲ್ಲಿ ನನಗೆ ಇಷ್ಟವಾದ ಸಂಗತಿ ಇನ್ನೊಂದು. ಹಸಿರು, ಗಾಳಿ, ಹಕ್ಕಿ ಇವೇ ಇದಕ್ಕೆ ಕಾರಣ ಅಂತ ನಾವು ಅಂದುಕೊಳ್ಳುತ್ತೇವೆ. ಅವರು ಜನರನ್ನು ಕೋಣೆಯೊಳಗೆ ಟ್ರೆಡ್‌ಮಿಲ್ ಮೇಲೆ, ಖಾಲಿ ಗೋಡೆಗೆ ಮುಖ ಮಾಡಿ ನಡೆಸಿದರು. ಆಗಲೂ ಲಾಭ ಸಿಕ್ಕಿತು. ಇನ್ನು ಕೆಲವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಹೊರಗೆ ಸುತ್ತಾಡಿಸಿದರು. ಹೊಸ ಹೋಲಿಕೆ ಕಟ್ಟುವ ಕೆಲಸದಲ್ಲಿ ಅವರಿಗಿಂತ ಹೊರಗೆ ನಡೆದವರು ಮುಂದಿದ್ದರು. ಹೊರಗೆ ನಡೆದ ಎಲ್ಲರೂ ಒಂದಾದರೂ ಒಳ್ಳೆಯ ಹೊಸ ಹೋಲಿಕೆ ಕೊಟ್ಟರು. ಒಳಗೆ ಕೂತವರಲ್ಲಿ ಅರ್ಧ ಮಂದಿ ಮಾತ್ರ. ಕಾಲು ಆಡುವುದರಲ್ಲೇ ಏನೋ ಇದೆ ಅಂತಾಯಿತು. ನಡೆದು ಬಂದು ಕೂತ ಮೇಲೂ ಸ್ವಲ್ಪ ಹೊತ್ತು ಆ ಚುರುಕು ಉಳಿಯುತ್ತಿತ್ತು. ಇದು ಆಫೀಸಿನವರಿಗೆ ಬಹಳ ಉಪಯೋಗದ ಮಾತು. ಮೀಟಿಂಗಿಗೆ ಮೊದಲು ಹತ್ತು ನಿಮಿಷ ನಡೆದು ಬಂದರೆ ನಡಿಗೆಯ ಫಲ ಮೀಟಿಂಗಿನೊಳಗೂ ಬರುತ್ತದೆ.

ಆದರೆ ಇದೇ ಅಧ್ಯಯನದಲ್ಲಿ ಒಂದು ಎಚ್ಚರಿಕೆಯೂ ಇದೆ. ಅದನ್ನು ಹೇಳದೆ ಬಿಟ್ಟರೆ ಓದುವವರಿಗೆ ಅನ್ಯಾಯ. ಒಂದೇ ಒಂದು ಸರಿ ಉತ್ತರ ಇರುವ ಒಗಟುಗಳನ್ನು ಕೊಟ್ಟಾಗ ನಡಿಗೆಯಿಂದ ಸಹಾಯವಾಗಲಿಲ್ಲ. ಸ್ವಲ್ಪ ಹಿನ್ನಡೆಯೇ ಆಯಿತು. ಅಂದರೆ ದಾರಿಗಳು ಬೇಕಾದಾಗ ನಡೆಯಿರಿ. ದಾರಿ ಸಿಕ್ಕಿದ ಮೇಲೆ ಲೆಕ್ಕ ತಾಳೆ ನೋಡಲು, ಒಕ್ಕಣೆ ತಿದ್ದಲು, ಟೆಂಡರಿನ ಅಂಕಿ ಪರಿಶೀಲಿಸಲು ಕೂರಲೇಬೇಕು. ನಡಿಗೆಯ ಗುಣಗಾನ ಮಾಡುವ ಎಷ್ಟೋ ವಿಡಿಯೊಗಳಲ್ಲಿ ಈ ಅರ್ಧ ಕಾಣಿಸುವುದೇ ಇಲ್ಲ.

ಬೆವರಿಳಿಸುವ ವ್ಯಾಯಾಮದ ವಿಷಯದಲ್ಲೂ ಹೀಗೇ. ದಿನವೂ ಓಡುವವರಿಗೆ ಓಟ ಹಗುರ. ಅಭ್ಯಾಸವಿಲ್ಲದವರು ಮೈಮುರಿಯುವ ಹಾಗೆ ದುಡಿದು ಆ ಕೂಡಲೇ ಯೋಚಿಸಲು ಹೋದರೆ ಯೋಚನೆ ಮಂಕಾಗುವುದನ್ನು ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ನಡೆದ ಒಂದು ಪ್ರಯೋಗದಲ್ಲಿ ಕಂಡಿದ್ದಾರೆ. ಹೊಳೆಯಲಿ ಅಂತ ಜಿಮ್ಮಿಗೆ ಹೋಗಿ ಭಾರ ಎತ್ತಬೇಕಿಲ್ಲ. ಮಾತಾಡುತ್ತಾ ನಡೆಯಬಲ್ಲ ವೇಗ ಸಾಕು. ಆರೋಗ್ಯಕ್ಕೆ ವ್ಯಾಯಾಮ ಬೇಕು ಅನ್ನುವುದು ಬೇರೆ ಮಾತು. ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಅಷ್ಟೂ ಮಾಡುತ್ತಿಲ್ಲ.

ನಿದ್ದೆಯ ಅಂಚಿನ ಬಗ್ಗೆಯೂ ಒಂದು ಮಾತು. ನಾನು ಆ ಬೆಳಗ್ಗೆ ನಡೆದದ್ದು ಮಾತ್ರವಲ್ಲ, ಅದಕ್ಕೂ ಮೊದಲು ಮಲಗಿದ್ದೆ. ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳಲು ಬರುವುದಿಲ್ಲ. 2021ರಲ್ಲಿ ಪ್ಯಾರಿಸ್‌ನ ಸಂಶೋಧಕರು 103 ಜನರಿಗೆ ಒಂದು ಸಂಖ್ಯೆಯಾಟ ಕೊಟ್ಟರು. ಅದರಲ್ಲಿ ಒಂದು ಸುಲಭದ ದಾರಿ ಅಡಗಿತ್ತು. ನಡುವೆ 20 ನಿಮಿಷ ಕತ್ತಲಲ್ಲಿ ಒರಗಿ ಕೂರಲು ಬಿಟ್ಟರು. ಎಚ್ಚರವಾಗೇ ಇದ್ದವರಲ್ಲಿ 30 ಪ್ರತಿಶತ ಜನ ಆ ದಾರಿ ಕಂಡುಕೊಂಡರು. ಕನಿಷ್ಠ 15 ಸೆಕೆಂಡ್ ಜೊಂಪು ಹತ್ತಿದವರಲ್ಲಿ 83 ಪ್ರತಿಶತ. ಇನ್ನೂ ಆಳಕ್ಕೆ ಜಾರಿದವರಲ್ಲಿ 14 ಪ್ರತಿಶತ ಮಾತ್ರ. ಊಟವಾದ ಮೇಲೆ ಒಂದು ಜೊಂಪು ತೆಗೆದು ಎದ್ದರೆ ತಲೆ ಹಗುರ ಅಂತ ನಮ್ಮ ಅಪ್ಪ ಹೇಳುತ್ತಿದ್ದರು. ಅವರ ಮಾತನ್ನು ನಾವು ಸೋಮಾರಿತನ ಅಂದುಕೊಂಡಿದ್ದೆವು.

ಈಗ ಬಿಡುವು ಅಂದರೇನು ಅನ್ನುವ ಪ್ರಶ್ನೆಗೆ ಬರೋಣ. ಈಗಿನ ಕಾಲಕ್ಕೆ ಇದೇ ದೊಡ್ಡ ವಿಷಯ. ನಮ್ಮ ಆಫೀಸಿನಲ್ಲಿ ನಾಲ್ಕು ಗಂಟೆಗೆ ಟೀ ಬಿಡುವು. ಹತ್ತು ಹನ್ನೆರಡು ಜನ ಕಪ್ ಹಿಡಿದು ಬಾಲ್ಕನಿಯಲ್ಲಿ ನಿಲ್ಲುತ್ತೇವೆ. ಒಂದು ಕೈಯಲ್ಲಿ ಟೀ, ಇನ್ನೊಂದು ಕೈಯಲ್ಲಿ ಫೋನ್. ಹೆಬ್ಬೆರಳು ಮೇಲೆ ಮೇಲೆ ತಳ್ಳುತ್ತಲೇ ಇರುತ್ತದೆ. ಹದಿನೈದು ನಿಮಿಷ ಹೀಗೆ ಕಳೆದು ಒಳಗೆ ಬಂದರೆ ತಲೆ ಇನ್ನೂ ಭಾರ. ಇದು ಬಿಡುವಾ? 2019ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ 414 ವಿದ್ಯಾರ್ಥಿಗಳಿಗೆ ಅಕ್ಷರ ಜೋಡಿಸುವ ಒಗಟುಗಳನ್ನು ಕೊಟ್ಟು, ನಡುವೆ ಬಿಡುವು ಕೊಟ್ಟರು. ಬಿಡುವಿನಲ್ಲಿ ಫೋನ್ ಬಳಸಿದವರು ಉಳಿದವರಿಗಿಂತ 19 ಪ್ರತಿಶತ ಹೆಚ್ಚು ಸಮಯ ತೆಗೆದುಕೊಂಡರು. 22 ಪ್ರತಿಶತ ಕಡಿಮೆ ಒಗಟು ಬಿಡಿಸಿದರು.

ಕಾರಣ ಕಷ್ಟದ್ದೇನಲ್ಲ. ಕಾವಿನ ಕೆಲಸಕ್ಕೆ ತಲೆಯಲ್ಲಿ ಸ್ವಲ್ಪ ಜಾಗ ಖಾಲಿ ಇರಬೇಕು. ಫೋನ್ ಆ ಜಾಗವನ್ನೆಲ್ಲ ತುಂಬಿಬಿಡುತ್ತದೆ. 2009ರಲ್ಲಿ ಉಟ್ ನಾ ಸಿಯೊ ಮತ್ತು ಥಾಮಸ್ ಓರ್ಮೆರಾಡ್ ಅವರು ಈ ಬಗೆಯ 117 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬಿಡುವಿನಿಂದ ಲಾಭ ನಿಜ ಅಂತ ಕಂಡಿತು. ಪದಗಳ ಒಗಟಿಗೆ ಬಂದರೆ, ನಡುವೆ ಹಗುರವಾದ ಕೆಲಸ ಮಾಡಿದವರಿಗೆ ಲಾಭ ಜಾಸ್ತಿ. ತಲೆ ತಿನ್ನುವ ಕೆಲಸ ಮಾಡಿದವರಿಗೆ ಕಡಿಮೆ. ಬಿಡುವಿಗೆ ಮೊದಲು ಹೆಚ್ಚು ಹೊತ್ತು ಒದ್ದಾಡಿದವರಿಗೂ ಲಾಭ ಹೆಚ್ಚು. ಮತ್ತೆ ಅದೇ ಮಾತು, ಮೊದಲು ಒದ್ದಾಟ.

ತೀರಾ ಬೇಸರದ ಕೆಲಸವೂ ಆಗದು. ಮನಸ್ಸು ಸುಮ್ನೆ ಅಲೆದಾಡಲು ಬಿಟ್ಟರೆ ಸಾಕು, ಹೊಳೆಯುತ್ತದೆ ಅನ್ನುವ 2012ರ ಒಂದು ಪ್ರಯೋಗ ತುಂಬ ಹೆಸರು ಮಾಡಿತ್ತು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ. 2022ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಝಕಾರಿ ಇರ್ವಿಂಗ್ ತಂಡ ಇದಕ್ಕೆ ಒಂದು ಉತ್ತರ ಕೊಟ್ಟಿತು. ಮನಸ್ಸಿನ ಅಲೆದಾಟ ಹೊಸ ಯೋಚನೆ ತರುವುದು ಕೈಯಲ್ಲಿರುವ ಕೆಲಸ ಸ್ವಲ್ಪ ಹಿಡಿದಿಟ್ಟಾಗ, ಪೂರ್ತಿ ಕಟ್ಟಿಹಾಕದಿದ್ದಾಗ. ಸ್ನಾನ, ಪಾತ್ರೆ ತೊಳೆಯುವುದು, ಗಿಡಕ್ಕೆ ನೀರು ಹಾಕುವುದು, ಅವರೆಕಾಳು ಹಿದುಕುವುದು. ಕೈಗೆ ಕೆಲಸ ಇದೆ, ತಲೆಗೆ ಬಿಡುವಿದೆ. ನಡಿಗೆಯೂ ಈ ಜಾತಿಯದ್ದೇ. ಕಲ್ಲು ನೋಡಬೇಕು, ತಿರುವು ನೋಡಬೇಕು, ಅಷ್ಟೇ.

ಬಿಡುವು ಯಾವಾಗಲೂ ಉತ್ತರವನ್ನೇ ತಂದುಕೊಡುತ್ತದೆ ಅಂತಲೂ ಇಲ್ಲ. ಕೆಲವೊಮ್ಮೆ ಪ್ರಶ್ನೆ ಕೊಟ್ಟು ಹೋಗುತ್ತದೆ. ಸಿ. ವಿ. ರಾಮನ್ 1921ರಲ್ಲಿ ಇಂಗ್ಲೆಂಡಿಗೆ ಹೋಗಿಬಂದರು. ವಾಪಸು ಬರುವ ಹಡಗಿನಲ್ಲಿ ಲ್ಯಾಬ್ ಇಲ್ಲ, ಪಾಠ ಇಲ್ಲ, ದಿನಗಟ್ಟಲೆ ನೀರು. ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಆಕಾಶದ ನೀಲಿಯೇ ನೀರಿನಲ್ಲಿ ಕಾಣುತ್ತದೆ ಅನ್ನುವುದು ಆಗ ಎಲ್ಲರೂ ಒಪ್ಪಿದ ಮಾತು. ರಾಮನ್ ಜೊತೆಯಲ್ಲಿದ್ದ ಸಣ್ಣ ಪಟ್ಟಕದಿಂದ ಆಕಾಶದ ಪ್ರತಿಫಲನವನ್ನು ಮರೆಮಾಡಿ ನೀರನ್ನು ನೋಡಿದರು. ನೀಲಿ ಹಾಗೇ ಇತ್ತು. ಬೆಳಕನ್ನು ಚದುರಿಸುವುದು ನೀರೇ! ಅಲ್ಲಿಂದ ‘ರಾಮನ್ ಪರಿಣಾಮ’ ಕಂಡುಕೊಂಡ 1928ರ ಫೆಬ್ರವರಿ 28ರವರೆಗೆ, ಆರೂವರೆ ವರ್ಷ, ಕಲ್ಕತ್ತಾದ ಲ್ಯಾಬಿನಲ್ಲಿ ಅವರೂ ಅವರ ಶಿಷ್ಯರೂ ಬೆಳಕಿನ ಬೆನ್ನು ಹತ್ತಿದರು. ಹಡಗಿನ ಬಿಡುವು ಇಲ್ಲದಿದ್ದರೆ ಆ ಪ್ರಶ್ನೆ ಬರುತ್ತಿತ್ತೋ ಇಲ್ಲವೋ. ಆರೂವರೆ ವರ್ಷದ ದುಡಿಮೆ ಇಲ್ಲದಿದ್ದರೆ ಉತ್ತರವಂತೂ ಬರುತ್ತಿರಲಿಲ್ಲ. ಐದು ವರ್ಷದ ನಂತರ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು, ಕೊನೆವರೆಗೂ ಇಲ್ಲೇ ಇದ್ದರು.

ಹಾಗಾಗಿ 70 ಗಂಟೆ, 90 ಗಂಟೆಯ ಮಾತು ಕೇಳಿದಾಗ ನನಗೆ ಅನ್ನಿಸುವುದು, ಇವರು ದುಡಿಮೆಯ ಒಂದು ಭಾಗವನ್ನು ಮಾತ್ರ ಎಣಿಸುತ್ತಿದ್ದಾರೆ ಅಂತ. ಕಷ್ಟಪಡಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗಂಟೆ ಹೆಚ್ಚಿದ ಹಾಗೆಲ್ಲ ಕೆಲಸ ಹೆಚ್ಚುವುದಿಲ್ಲ ಅನ್ನುವುದು ಕೈಯಿಂದ ಮಾಡಿ ಎಣಿಸಬಹುದಾದ ಕೆಲಸದಲ್ಲೇ ಕಂಡಿದೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ಕೆಲಸಗಾರರ ಲೆಕ್ಕ ಬರೆದಿಟ್ಟಿದ್ದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಸ್ಟಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆನ್ಕಾವೆಲ್ 2014ರಲ್ಲಿ ಆ ಲೆಕ್ಕವನ್ನು ಮತ್ತೆ ತೆಗೆದು ನೋಡಿದರು. ವಾರಕ್ಕೆ 70 ಗಂಟೆ ದುಡಿದಾಗ ಆದ ಕೆಲಸಕ್ಕೂ 56 ಗಂಟೆ ದುಡಿದಾಗ ಆದ ಕೆಲಸಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಹದಿನಾಲ್ಕು ಗಂಟೆ ಹೋಯಿತು, ಕೈಗೆ ಬಂದದ್ದು ಬಹಳ ಕಡಿಮೆ. ಗುಂಡು ಎಣಿಸುವ ಕೆಲಸದಲ್ಲೇ ಹೀಗಾದರೆ, ಗಡಿಯಾರ ತಪ್ಪಿದ್ದನ್ನು ಕಂಡುಹಿಡಿಯುವ ಕೆಲಸದಲ್ಲಿ ಹೇಗಿರಬೇಡ? ಪ್ರಾಣದ ಲೆಕ್ಕವೂ ಇದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದದ್ದರಿಂದ 2016ರಲ್ಲಿ ಜಗತ್ತಿನಲ್ಲಿ ಸುಮಾರು 7 ಲಕ್ಷ 45 ಸಾವಿರ ಜನ ಪಾರ್ಶ್ವವಾಯು, ಹೃದ್ರೋಗದಿಂದ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜು ಮಾಡಿದವು.

ಇಲ್ಲಿ ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಬಿಡುವು ಬೇಕು ಅಂತ ಬರೆಯುವವರು ನಾವು ಕುರ್ಚಿಯ ಕೆಲಸದವರು. ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಕ್ಕಳಿಗೂ ತಲೆ ಇದೆ, ಹೊಳೆಯುತ್ತದೆ. ಈ ಹೊಲಿಗೆಯನ್ನು ಹೀಗೆ ತಿರುಗಿಸಿದರೆ ಬೇಗ ಆಗುತ್ತದೆ ಅಂತ ಮೊದಲು ಗೊತ್ತಾಗುವುದು ಅವರಿಗೇ. 1948ರ ಕಾರ್ಖಾನೆ ಕಾಯ್ದೆ ಬರೆದವರಿಗೆ ವಿರಾಮದ ಬೆಲೆ ಗೊತ್ತಿತ್ತು. ಐದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು ಅಂತ ಅದರಲ್ಲಿ ಬರೆದರು. 2023ರಲ್ಲಿ ಕರ್ನಾಟಕ ಆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿ ಇಟ್ಟುಕೊಂಡೇ ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿತು. 12 ಗಂಟೆ ಯಂತ್ರದ ಮುಂದೆ ಕೂತು ಮನೆಗೆ ಹೋಗಿ ಅಡುಗೆ ಮಾಡುವವರಿಗೆ ಕಾವು ಕೊಡುವ ಹೊತ್ತು ಯಾವುದು?

ನಡೆಯಲು ಜಾಗವೂ ಬೇಕು. ಬೆಂಗಳೂರಿನ ಪಾರ್ಕುಗಳಿಗೆ ಹಿಂದೆ ಹಗಲು ಹೊತ್ತು ಬೀಗ ಬೀಳುತ್ತಿತ್ತು. ಆಫೀಸಿನವರಿಗೆ ಬಿಡುವು ಸಿಗುವುದೇ ಆಗ. 2024ರಲ್ಲಿ ಅವುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಪಾಲಿಕೆ ಒಪ್ಪಿತು. ಇದು ನಿಜಕ್ಕೂ ಒಳ್ಳೆಯ ಕೆಲಸ. ಪಾರ್ಕಿಗೆ ಹೋಗುವ ದಾರಿ ಮಾತ್ರ ಇನ್ನೂ ಹಾಗೇ ಇದೆ. ಫುಟ್‌ಪಾತಿನ ಮೇಲೆ ಬೈಕು, ಕಿತ್ತ ಚಪ್ಪಡಿ, ಜಲ್ಲಿ ರಾಶಿ, ಎದುರಿನಿಂದ ಬರುವ ಸ್ಕೂಟರ್. ಕಾಲಿನ ಮೇಲೆ ಪೂರ್ತಿ ಕಣ್ಣಿಟ್ಟು ನಡೆಯಬೇಕಾದರೆ ಅದು ಹಗುರವಾದ ಕೆಲಸ ಅಲ್ಲ. ಮನಸ್ಸಿಗೆ ಅಲೆದಾಡಲು ಜಾಗವೇ ಉಳಿಯುವುದಿಲ್ಲ. ಒಳ್ಳೆಯ ಫುಟ್‌ಪಾತನ್ನು ನಾವು ಮುದುಕರ ಅನುಕೂಲ, ಸಂಚಾರದ ವಿಷಯ ಅಂತ ಮಾತ್ರ ನೋಡುತ್ತೇವೆ. ತಲೆಯ ಕೆಲಸ ಮಾರಿ ಬದುಕುವ ಊರಿಗೆ ಅದು ಕರೆಂಟು, ಇಂಟರ್ನೆಟ್‌ನಷ್ಟೇ ಅಗತ್ಯ.

ಹಾಲಿನ ಲೆಕ್ಕದ ಆ ಬೆಳಗಾದ ಮೇಲೆ ನಮ್ಮ ತಂಡದಲ್ಲಿ ಒಂದು ರೂಢಿ ಮಾಡಿಕೊಂಡೆವು. ಒಂದು ಸಮಸ್ಯೆಗೆ ಎರಡು ಗಂಟೆ ಪೂರ್ತಿ ಕೂರುತ್ತೇವೆ. ಬಗೆಹರಿಯದಿದ್ದರೆ ಅದನ್ನು ಒಂದೇ ಸಾಲಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತೇವೆ. ಆ ಸಾಲು ಬರೆಯುವುದು ಸುಲಭ ಅಲ್ಲ. ಕೆಲವೊಮ್ಮೆ ಬರೆಯುವಾಗಲೇ ಗಂಟು ಎಲ್ಲಿದೆ ಅಂತ ಕಾಣುತ್ತದೆ. ಆಮೇಲೆ ಫೋನುಗಳನ್ನು ಮೇಜಿನ ಮೇಲೇ ಬಿಟ್ಟು ಇಪ್ಪತ್ತು ನಿಮಿಷ ಹೊರಗೆ ಹೋಗುತ್ತೇವೆ. ದಾರಿಯಲ್ಲಿ ಕೆಲಸದ ಮಾತಾಡಲೇಬೇಕು ಅಂತಿಲ್ಲ, ಆಡಬಾರದು ಅಂತಲೂ ಇಲ್ಲ. ಎಲ್ಲ ಸಲ ಹೊಳೆಯುವುದಿಲ್ಲ. ನಾಲ್ಕರಲ್ಲಿ ಒಂದು ಸಲ ಹೊಳೆದರೂ ರಾತ್ರಿ ಒಂದೂವರೆವರೆಗೆ ಕೂರುವುದು ತಪ್ಪುತ್ತದೆ. ಹೊಳೆದರೆ ಬರೆದುಕೊಳ್ಳಲು ಒಬ್ಬರ ಜೇಬಿನಲ್ಲಿ ಸಣ್ಣ ನೋಟ್‌ಬುಕ್ ಇರುತ್ತದೆ, ಅದಕ್ಕೊಂದು ಪೆನ್ಸಿಲ್ ಕಟ್ಟಿದ್ದೇವೆ.

ಆಫೀಸಿನ ಗೇಟಿನಿಂದ ಬಲಕ್ಕೆ ತಿರುಗಿದರೆ ಹೊಂಗೆ ಮರಗಳ ಸಾಲು. ಆ ನೆರಳಿನಲ್ಲಿ ಸುಮಾರು ಆರುನೂರು ಹೆಜ್ಜೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಫುಟ್‌ಪಾತ್ ಮುಗಿದು ಚರಂಡಿ ಬಾಯಿ ತೆರೆದುಕೊಂಡಿದೆ. ಅಲ್ಲಿಂದ ವಾಪಸು ತಿರುಗುತ್ತೇವೆ.